ಜಾಹೀರಾತು ಹಾಕದೆ ವಕೀಲರ ಆಫೀಸು ಬೆಳೆಸುವುದು ಹೇಗೆ

ನಾನು ಸ್ವಂತ ಆಫೀಸು ತೆರೆದಾಗ ಬೋರ್ಡು ಬರೆಯಲು ಬಂದ ಪೇಂಟರ್ ನನ್ನ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿಬಿಟ್ಟಿದ್ದ: ‘ಆಸ್ತಿ ವ್ಯಾಜ್ಯಗಳ ತಜ್ಞರು’. ಕೇಳಿದರೆ, “ಖಾಲಿ ಜಾಗ ಉಳಿದಿತ್ತು ಮೇಡಂ, ಚೆನ್ನಾಗಿ ಕಾಣುತ್ತೆ ಅಂತ ಬರೆದೆ” ಅಂದ. ನನಗೂ ಒಳಗೊಳಗೇ ಖುಷಿಯಾಯಿತು. ಸಂಜೆ ನನ್ನ ಸೀನಿಯರ್ ಆಫೀಸು ನೋಡಲು ಬಂದರು. ಬಾಗಿಲ ಹೊರಗೇ ನಿಂತು ಬೋರ್ಡು ಓದಿದರು. “ಆ ಎರಡನೇ ಸಾಲು ಅಳಿಸಮ್ಮ, ಆಮೇಲೆ ಒಳಗೆ ಬರ್ತೀನಿ” ಅಂದರು. ಮರುದಿನವೇ ಅಳಿಸಿದ್ದಾಯಿತು. ಆ ಜಾಗದ ಬಣ್ಣ ಈಗಲೂ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

ನಮ್ಮ ಕಸುಬೇ ಹಾಗೆ. ಅಂಗಡಿ ತೆರೆದವರು ಕೂಗಿ ಕರೆಯಬಹುದು, ನಾವು ಕರೆಯುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡಬಾರದು, ಕೇಸು ಕೇಳಿಕೊಂಡು ಹೋಗಬಾರದು, ದಲ್ಲಾಳಿಗಳ ಮೂಲಕ ಕರೆಸಿಕೊಳ್ಳಲೂಬಾರದು. ತಾವು ನಡೆಸುತ್ತಿರುವ ಕೇಸಿನ ಬಗ್ಗೆ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಳ್ಳುವುದೂ ತಪ್ಪು. ಬೋರ್ಡು ಹಿತಮಿತವಾದ ಅಳತೆಯಲ್ಲಿರಬೇಕು. ಅದರಲ್ಲಿ ‘ತಜ್ಞ’ ಅಂತ ಇರಬಾರದು, ವಕೀಲರ ಸಂಘದ ಅಧ್ಯಕ್ಷರಾಗಿದ್ದರೆ ಅದನ್ನೂ ಬರೆಯಬಾರದು. 2008ರಲ್ಲಿ ಒಂದು ಸಣ್ಣ ಕಿಟಕಿ ತೆರೆದರು. ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ, ಫೋನ್ ನಂಬರ್, ಎನ್‌ರೋಲ್‌ಮೆಂಟ್ ವಿವರ, ಓದು, ಯಾವ ಬಗೆಯ ಕೇಸು ನಡೆಸುತ್ತೇವೆ ಎಂಬಷ್ಟನ್ನು ಹಾಕಬಹುದು. ಅಷ್ಟೇ.

ಹಾಗಾದರೆ ತಾಲ್ಲೂಕು ಕೋರ್ಟಿನ ಎದುರಿನ ಒಂದು ಕೋಣೆಯ ಆಫೀಸು ಬೆಳೆಯುವುದು ಹೇಗೆ? ನಾನು ಶುರು ಮಾಡಿದಾಗ ಒಂದು ಮೇಜು, ಒಂದು ಬೀರು, ನಾನು. ಈಗ ನಾಲ್ಕು ಜನ ವಕೀಲರು, ಒಬ್ಬ ಗುಮಾಸ್ತರು ಇದ್ದೇವೆ. ಇದೇನು ದೊಡ್ಡ ಸಾಧನೆ ಅಲ್ಲ. ಆದರೆ ಈಗಷ್ಟೇ ಆಫೀಸು ತೆರೆದ ಹುಡುಗರು, ಹುಡುಗಿಯರು ಬಂದು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡೈರಿ

ವಕೀಲರ ಬಗ್ಗೆ ಜನ ಬೈಯುವುದನ್ನು ಬಸ್ಸಿನಲ್ಲಿ ಕೂತು ಸುಮ್ನೆ ಕೇಳಿಸಿಕೊಳ್ಳಿ. ಕೇಸು ಸೋತದ್ದಕ್ಕೆ ಬೈಯುವವರು ಕಡಿಮೆ. “ಫೋನ್ ಎತ್ತಲ್ಲ”, “ವಾಯಿದೆ ಯಾವತ್ತು ಅಂತ ಅವರಿಗೇ ಗೊತ್ತಿಲ್ಲ”, “ಹೋದಾಗಲೆಲ್ಲ ಮುಂದಿನ ತಿಂಗಳು ಬಾ ಅಂತಾರೆ”: ಹೆಚ್ಚಿನ ಬೈಗುಳ ಇವೇ. ಅಂದರೆ ನಿಮ್ಮ ಆಫೀಸಿನ ಹೆಸರು ಕೆಡುವುದೂ ಉಳಿಯುವುದೂ ಡೈರಿಯಲ್ಲಿ. ವಾದ ಮಾಡುವ ಚಾತುರ್ಯ ಆಮೇಲಿನ ಮಾತು.

ಮೂರು ಪುಸ್ತಕ ಇಡಿ. ಕಂಪ್ಯೂಟರ್ ಇದ್ದರೂ ಇಡಿ. ಒಂದು ಕೋರ್ಟ್ ಡೈರಿ, ಅದು ಎಲ್ಲರ ಹತ್ತಿರವೂ ಇರುತ್ತದೆ. ಎರಡನೆಯದು ಕಾಲಮಿತಿ ಪುಸ್ತಕ. ಚೆಕ್ ಬೌನ್ಸ್ ಆಗಿದೆ ಅಂತ ಬ್ಯಾಂಕಿನಿಂದ ತಿಳಿದ ದಿನದಿಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಎದುರಿನವರಿಗೆ 15 ದಿನ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಸಿವಿಲ್ ದಾವೆಯಲ್ಲಿ ಸಮನ್ಸ್ ಬಂದ 30 ದಿನಕ್ಕೆ ಪ್ರತಿವಾದ ಪತ್ರ, ಕೋರ್ಟು ಒಪ್ಪಿದರೆ 90 ದಿನದವರೆಗೆ. ಸಿವಿಲ್ ಡಿಕ್ರಿಯ, ಅಂದರೆ ದಾವೆ ತೀರ್ಮಾನಿಸಿದ ಆದೇಶದ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು 30 ದಿನ, ಹೈಕೋರ್ಟಿಗೆ 90 ದಿನ. ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ ಹಾಕಿದರೆ ಅದರ ಆಯಸ್ಸು 90 ದಿನ. ಇವೆಲ್ಲ ಓದಿದವರಿಗೆ ಗೊತ್ತು. ಗೊತ್ತಿದ್ದೂ ತಪ್ಪುತ್ತೇವೆ, ಅದಕ್ಕೇ ಪುಸ್ತಕ. ಒಂದು ಕಾಲಮಿನಲ್ಲಿ ಕೊನೇ ದಿನ ಬರೆಯಿರಿ. ಪಕ್ಕದ ಕಾಲಮಿನಲ್ಲಿ ಅದಕ್ಕಿಂತ ಹತ್ತು ದಿನ ಹಿಂದಿನ ತಾರೀಕು ಬರೆಯಿರಿ. ಕೆಲಸ ಆಗಬೇಕಾದದ್ದು ಎರಡನೇ ತಾರೀಕಿಗೆ.

ನಾನು ಇದನ್ನು ಪುಸ್ತಕ ಓದಿ ಕಲಿಯಲಿಲ್ಲ. ಒಂದು ಸಲ ತೀರ್ಪು ಬಂದ ಮೇಲೆ ನಕಲು ಅರ್ಜಿ, ಅಂದರೆ ಅಪೀಲಿಗೆ ಬೇಕಾದ ತೀರ್ಪಿನ ಪ್ರತಿ ಕೊಡಿ ಎಂಬ ಅರ್ಜಿ ಹಾಕಲು ತಡ ಮಾಡಿದೆ. ನಕಲು ತಯಾರಾಗಲು ಹಿಡಿಯುವ ದಿನಗಳು ಹೇಗೂ ಲೆಕ್ಕದಲ್ಲಿ ಕಳೆಯುತ್ತವಲ್ಲ ಎಂಬ ಧೈರ್ಯ. ಕಳೆಯುವುದು ಅರ್ಜಿ ಹಾಕಿದ ಮೇಲಿನ ದಿನಗಳು ಮಾತ್ರ. ಅರ್ಜಿ ಹಾಕದೆ ನಾನು ಕೂತಿದ್ದ ದಿನಗಳು ನನ್ನ ತಲೆಗೇ ಬಂದವು. ಅಪೀಲಿನ ಜೊತೆ ವಿಳಂಬ ಮನ್ನಿಸಿ ಎಂಬ ಅರ್ಜಿಯನ್ನೂ ಹಾಕಬೇಕಾಯಿತು. ಕೋರ್ಟು ಮನ್ನಿಸಿತು, ಆದರೆ ಎದುರಿನವರಿಗೆ ಖರ್ಚು ಕಟ್ಟಿ ಎಂದಿತು. ಆ ಹಣ ನಾನೇ ಕಟ್ಟಿದೆ. ನನ್ನ ತಪ್ಪಿಗೆ ಕಕ್ಷಿದಾರರು ಯಾಕೆ ಕಟ್ಟಬೇಕು, ಅಲ್ವಾ? ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ: ತೀರ್ಪು ಓದಿದ ದಿನವೇ ನಕಲು ಅರ್ಜಿ. ಗೆದ್ದರೂ, ಸೋತರೂ.

ಮೂರನೆಯದು ಹೆಸರಿನ ಪುಸ್ತಕ. ಆಫೀಸಿಗೆ ಬಂದವರ ಹೆಸರು, ಅವರ ಎದುರುದಾರರ ಹೆಸರು, ಊರು, ಸರ್ವೆ ನಂಬರ್. ಕೇಸು ತೆಗೆದುಕೊಳ್ಳದಿದ್ದರೂ ಬರೆಯಬೇಕು. ಇದು ಯಾಕೆ ಎಂಬುದಕ್ಕೆ ಮುಂದೆ ಒಂದು ಕಥೆಯೇ ಇದೆ.

ಇನ್ನೊಂದು ಅಭ್ಯಾಸ. ಸಂಜೆ ಕೋರ್ಟು ಮುಗಿದ ಮೇಲೆ ನಮ್ಮ ಗುಮಾಸ್ತರು ಆ ದಿನ ಇದ್ದ ಎಲ್ಲ ಕೇಸುಗಳ ಕಕ್ಷಿದಾರರಿಗೆ ಒಂದು ಸಾಲು ತಿಳಿಸುತ್ತಾರೆ: ಇವತ್ತು ಏನಾಯಿತು, ಮುಂದಿನ ತಾರೀಕು ಯಾವುದು, ಬರಬೇಕೋ ಬೇಡವೋ. ಕೊನೆಯದೇ ಮುಖ್ಯ. ಸುಮ್ನೆ ಕೈಕಟ್ಟಿ ನಿಲ್ಲಲು ಒಂದು ದಿನದ ಕೂಲಿ ಬಿಟ್ಟು ಬರುವವರಿದ್ದಾರೆ. ಇಂಥ ಸಂದೇಶ ಕಳಿಸಲು ಮುಕ್ಕಾಲು ಗಂಟೆ ಸಾಕು.

ಜೊತೆಗೆ ಪ್ರತಿ ಕಕ್ಷಿದಾರರಿಗೂ ಒಂದು ಚೀಟಿಯಲ್ಲಿ ಅವರ ಕೇಸಿನ ಸಿಎನ್‌ಆರ್ ನಂಬರ್ ಬರೆದುಕೊಡುತ್ತೇವೆ. ಹದಿನಾರು ಅಕ್ಷರ, ಅಂಕಿಗಳ ಸಂಖ್ಯೆ ಅದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಕು, ಹಿಂದಿನ ಆದೇಶ ಎಲ್ಲ ಕಾಣುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ತೋರಿಸಿ ಕಲಿಸುತ್ತೇವೆ. ಇದನ್ನು ಶುರು ಮಾಡಿದಾಗ ವಕೀಲರ ಸಂಘದಲ್ಲಿ ಒಬ್ಬರು ನಕ್ಕರು: “ನಿಮ್ಮ ಮೇಲೆ ನೀವೇ ಕಾವಲು ಹಾಕಿಸ್ಕೊತಿದೀರಲ್ಲ ಮೇಡಂ!” ಹೌದು, ಕಾವಲೇ. ಆದರೆ ತಾರೀಕು ಕೇಳಲು ಬರುವ ಫೋನ್ ಅರ್ಧಕ್ಕರ್ಧ ಕಡಿಮೆಯಾಯಿತು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ

ರಸೀದಿಯಲ್ಲಿ ‘ಫೀಸು’ ಎಷ್ಟು, ‘ಖರ್ಚು’ ಎಷ್ಟು ಅಂತ ಬೇರೆಬೇರೆ ಬರೆಯಿರಿ. ಕೋರ್ಟ್ ಫೀ, ಪ್ರೊಸೆಸ್ ಫೀ (ಸಮನ್ಸ್, ನೋಟಿಸ್ ಕಳಿಸಲು ಕೋರ್ಟಿಗೆ ಕಟ್ಟುವುದು), ನಕಲಿನ ದುಡ್ಡು, ಇವೆಲ್ಲ ಖರ್ಚು. ಖರ್ಚಿಗೆಂದು ಕೊಟ್ಟ ಹಣವನ್ನು ಕಕ್ಷಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಫೀಸಿಗೆ ಹಿಡಿದುಕೊಳ್ಳುವಂತಿಲ್ಲ, ಪರಿಷತ್ತಿನ ನಿಯಮವೇ ಹಾಗಿದೆ. ಗೆದ್ದರೆ ಇಷ್ಟು ಭಾಗ ಎಂಬ ಒಪ್ಪಂದವೂ ಕೂಡದು. ಪರಿಹಾರದ ಹಣ ಬರುವ ಕೇಸುಗಳಲ್ಲಿ ಈ ಆಸೆ ಜಾಸ್ತಿ. ಮೊದಲ ಭೇಟಿಯಲ್ಲೇ ಒಂದು ಹಾಳೆಯಲ್ಲಿ ಒಟ್ಟು ಫೀಸು ಎಷ್ಟು, ಯಾವ ಹಂತದಲ್ಲಿ ಎಷ್ಟು ಅಂತ ಬರೆದು ಒಂದು ಪ್ರತಿ ಅವರಿಗೇ ಕೊಡಿ. ಕನ್ನಡದಲ್ಲಿ ಬರೆಯಿರಿ. ಫೀಸು ಕೇಳಲು ನಾಚಿಕೆ ಪಟ್ಟುಕೊಂಡು “ಆಮೇಲೆ ನೋಡೋಣ” ಎಂದವರೇ ಕೊನೆಗೆ ಜಗಳ ಮಾಡಿಕೊಳ್ಳುವುದು. ಆ ಸಾಲಿನಲ್ಲಿ ನಾನೂ ಇದ್ದೆ.

ಊರಿನ ಕೆಲಸ

ಈಗ ನಿಜವಾಗಿ ಹೇಳಬೇಕಾದ ಭಾಗಕ್ಕೆ ಬಂದೆ. ಊರಿನ ಕೆಲಸ ಮಾಡಿದರೆ ಹೆಸರು ಬರುತ್ತದೆ, ಹೆಸರು ಬಂದರೆ ಕೇಸು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಈ ಲೆಕ್ಕ ಹಾಕಿಕೊಂಡು ಶುರು ಮಾಡಿದರೆ ಅದು 36ನೇ ನಿಯಮದ ಬಾಗಿಲಿಗೇ ಹೋಗಿ ಮುಟ್ಟುತ್ತದೆ. ಊರಿಗೆ ಹೋಗಿ ಕಾನೂನು ತಿಳಿಸಿ, ಜೊತೆಗೆ ನಿಮ್ಮ ಕಾರ್ಡು ಹಂಚಿದರೆ ಅದು ಕೇಸು ಕೇಳಿದಂತೆಯೇ ಆಯಿತು. ಹಾಗಂತ ಮನೆಯಲ್ಲೇ ಕೂರುವಂತೆಯೂ ಇಲ್ಲ. ಹಣ ಕೊಡಲಾಗದವರಿಗೆ ಕೈಲಾದಷ್ಟು ಉಚಿತವಾಗಿ ನೆರವಾಗುವುದು ವಕೀಲರ ದೊಡ್ಡ ಕರ್ತವ್ಯಗಳಲ್ಲಿ ಒಂದು ಅಂತ ಅದೇ ಪರಿಷತ್ತಿನ 46ನೇ ನಿಯಮ ಹೇಳುತ್ತದೆ. ಎರಡೂ ನಿಯಮಗಳನ್ನು ಪಾಲಿಸಬೇಕು. ಅದಕ್ಕೆ ಒಂದೇ ದಾರಿ ನನಗೆ ಕಂಡದ್ದು: ಊರಿನ ಕೆಲಸಕ್ಕೂ ಆಫೀಸಿಗೂ ನಡುವೆ ಗೋಡೆ ಕಟ್ಟಬೇಕು.

ಗೋಡೆಯ ಮೊದಲ ಕಲ್ಲು ತಾಲ್ಲೂಕು ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರಡಿ ಪ್ರತಿ ತಾಲ್ಲೂಕಿಗೆ ಒಂದು ಸಮಿತಿ, ಅಲ್ಲಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ನೀವೇ ಸ್ವಂತ ಬ್ಯಾನರ್ ಕಟ್ಟಿ ಶಿಬಿರ ಮಾಡಬೇಡಿ. ಸಮಿತಿಯ ಪ್ಯಾನೆಲ್, ಅಂದರೆ ಅವರ ವಕೀಲರ ಪಟ್ಟಿ ಸೇರಿ, ಅವರ ಹೆಸರಿನಲ್ಲಿ ಹೋಗಿ. ಬ್ಯಾನರ್ ಮೇಲೆ ಅವರ ಹೆಸರು, ಪತ್ರಿಕೆಗೆ ಸುದ್ದಿ ಅವರಿಂದ. ನೀವು ಬಂದು ಮಾತಾಡಿ ಹೋಗುವವರು. ಪ್ಯಾನೆಲ್‌ನಿಂದ ಕೇಸು ಬಂದರೆ ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. “ಝೆರಾಕ್ಸ್ ಖರ್ಚಿಗೆ” ಅಂತ ಕೂಡ ಬೇಡ. ಸಮಿತಿ ಕೊಡುವ ಫೀಸು ಕಡಿಮೆಯೇ. ಅದು ಗೊತ್ತಿದ್ದೇ ಸೇರಬೇಕು.

ನಮ್ಮ ಮೊದಲ ಶಿಬಿರ ಹೇಗಾಯಿತು ಹೇಳುತ್ತೇನೆ. ಶಾಮಿಯಾನ, ಮೈಕು, ವೇದಿಕೆಯ ಮೇಲೆ ಹನ್ನೊಂದು ಕುರ್ಚಿ. ಸ್ವಾಗತ, ಹಾರ, ದೀಪ. ನಾನು ನಲವತ್ತು ನಿಮಿಷ ಸೆಕ್ಷನ್ ನಂಬರುಗಳನ್ನು ಹೇಳಿದೆ. ಸಮಯ ಬೆಳಿಗ್ಗೆ ಹನ್ನೊಂದು, ಅದೂ ನಾಟಿಯ ದಿನಗಳಲ್ಲಿ. ಬಂದವರು ಶಾಲೆ ಮಕ್ಕಳು ಮತ್ತು ಪಂಚಾಯ್ತಿ ಸಿಬ್ಬಂದಿ. ಪ್ರಶ್ನೆ ಕೇಳಿ ಎಂದೆ. ಒಬ್ಬ ಅಜ್ಜ ಎದ್ದು, “ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ ಲಾಯರಮ್ಮ, ನಿಜವಾ?” ಅಂದರು. ಎಲ್ಲರೂ ನಕ್ಕರು, ಶಿಬಿರ ಮುಗಿಯಿತು. ನಿಜ ಹೇಳಬೇಕೆಂದರೆ ಆ ದಿನ ಕೆಲಸಕ್ಕೆ ಬಂದ ಪ್ರಶ್ನೆ ಅದೊಂದೇ.

ಮುಂದೆ ಬದಲಾಯಿಸಿದೆವು. ಸಂಜೆ ಏಳಕ್ಕೆ ಇಟ್ಟುಕೊಂಡೆವು. ವೇದಿಕೆ ಬಿಟ್ಟು ಶಾಲೆಯ ಕೋಣೆಯಲ್ಲಿ ಸುತ್ತ ಕೂತೆವು. ಒಂದು ದಿನಕ್ಕೆ ಒಂದೇ ವಿಷಯ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ರಟ್ಟಿನ ಡಬ್ಬ. ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಎದುರು ಎದ್ದು ನಿಂತು ಪಾಲಿನ ಪ್ರಶ್ನೆ ಕೇಳುತ್ತಾರಾ? ಕೇಳುವುದಿಲ್ಲ. ಹಾಗಾಗಿ ಒಂದು ವಾರ ಮೊದಲೇ ಅಂಗನವಾಡಿಯಲ್ಲಿ ಡಬ್ಬ ಇಡಿಸಿ, ಹೆಸರು ಬರೆಯದೆ ಚೀಟಿ ಹಾಕಿ ಎಂದೆವು. ಬರೆಯಲು ಬಾರದವರಿಗೆ ಅಂಗನವಾಡಿ ಟೀಚರ್ ಬರೆದುಕೊಟ್ಟರು. ಮೊದಲ ಸಲವೇ ಮೂವತ್ತೇಳು ಚೀಟಿ ಬಂದವು.

ಒಂದು ಚೀಟಿ ನನಗೆ ಈಗಲೂ ಬಾಯಿಪಾಠ: “ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಖಾತೆ ಅಣ್ಣನ ಹೆಸರಿಗೆ ಆಗಿದೆ. ಮದುವೆ ಆದವಳಿಗೆ ಏನು ಹಕ್ಕು ಅಂತಾನೆ. ನಿಜವಾ?” ಇದಕ್ಕೆ ಉತ್ತರ ಹೇಳುವುದೇ ಒಂದು ಸಂಜೆಯ ಪಾಠ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಬಂತು. ಆದರೆ ಅದಕ್ಕೂ ಮೊದಲು ಮದುವೆ ಆದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನಕ್ಕೆ ಅಪ್ಪ ಬದುಕಿರಬೇಕಾ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಬಿಡಿಸಿತು: ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಪತ್ರದ ಮೂಲಕವೋ ಕೋರ್ಟಿನ ಮೂಲಕವೋ ಪಾಲು ಆಗಿಹೋಗಿದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಇನ್ನು ಖಾತೆ. ಪಹಣಿಯಲ್ಲಿರುವುದನ್ನು ನಿಜ ಎಂದು ಕಾನೂನು ಸದ್ಯಕ್ಕೆ ನಂಬುತ್ತದೆ, ಅಲ್ಲ ಎಂದು ತೋರಿಸುವವರೆಗೆ. ಅಣ್ಣನ ಹೆಸರಿಗೆ ಖಾತೆ ಆದ ಮಾತ್ರಕ್ಕೆ ಜಮೀನು ಅಣ್ಣನೊಬ್ಬನದೇ ಆಗುವುದಿಲ್ಲ.

ಇಷ್ಟನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ವಂಶವೃಕ್ಷ ಬರೆದು ಹೇಳಿದೆ. ಹಿಂದೆ ಕೂತಿದ್ದ ಗಂಡಸರಲ್ಲಿ ಇಬ್ಬರು ಎದ್ದು ಹೋದರು. ಹೋಗಲಿ. ಮುಂದಿನ ತಿಂಗಳು ಹಕ್ಕು ಬಿಡುಗಡೆ ಪತ್ರ ಎಂದರೇನು, ಓದದೆ ಸಹಿ ಹಾಕಿದರೆ ಏನಾಗುತ್ತದೆ ಎಂಬ ವಿಷಯ ಇಟ್ಟುಕೊಂಡೆವು. ಆಗ ಕೋಣೆ ಸಾಲಲಿಲ್ಲ. ಆಮೇಲೆ ಕ್ರಯಪತ್ರದ ಬದಲು ಜಿಪಿಎ (ಅಧಿಕಾರ ಪತ್ರ) ಬರೆಸಿಕೊಂಡು ಸೈಟು ಕೊಂಡವರ ಕಷ್ಟ. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ, ಆದರೂ ಜನ ಕೊಳ್ಳುತ್ತಲೇ ಇದ್ದಾರೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದಾಗ, ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎಂಬುದನ್ನೇ ಒಂದು ಇಡೀ ಸಂಜೆ ಹೇಳಿದೆವು.

ಈಗ ಹೆಸರಿನ ಪುಸ್ತಕದ ಆ ಕಥೆ. ಎರಡನೆಯದೋ ಮೂರನೆಯದೋ ಶಿಬಿರ. ಮುಗಿದ ಮೇಲೆ ಒಬ್ಬ ಹಿರಿಯರು ಪಕ್ಕಕ್ಕೆ ಕರೆದು ತಮ್ಮ ಮನೆಯ ಪೂರ್ತಿ ಕಥೆ ಹೇಳಿದರು. ಯಾವ ಜಮೀನು, ಯಾರಿಗೆ ಎಷ್ಟು, ಪಾರೀಕತ್ತು (ಪಾಲು ಮಾಡಿಕೊಂಡ) ಪತ್ರ ಎಲ್ಲಿದೆ, ಯಾಕೆ ಅದನ್ನು ತಂಗಿಯರಿಗೆ ತೋರಿಸಿಲ್ಲ ಎಂಬುದನ್ನೂ ಹೇಳಿಬಿಟ್ಟರು. ನಾನು ಒಳ್ಳೆಯ ಮನಸ್ಸಿನಿಂದ ಅರ್ಧ ಗಂಟೆ ಕೂತು ಸಲಹೆ ಕೊಟ್ಟೆ. ಎರಡು ತಿಂಗಳಾದ ಮೇಲೆ ಆಫೀಸಿಗೆ ಒಬ್ಬ ಹೆಂಗಸು ಬಂದರು. “ನಮ್ಮೂರಿಗೆ ಬಂದು ಹೆಣ್ಣುಮಕ್ಕಳ ಪಾಲಿನ ಬಗ್ಗೆ ಹೇಳಿದವರು ನೀವೇ ಅಲ್ವಾ?” ಅಂತ ಕಣ್ಣರಳಿಸಿ ಕೂತರು. ಪಹಣಿ ತೆಗೆದು ಮೇಜಿನ ಮೇಲಿಟ್ಟರು. ಸರ್ವೆ ನಂಬರ್ ನೋಡಿದ ತಕ್ಷಣ ನನ್ನ ಹೊಟ್ಟೆ ಕಿವುಚಿತು. ಅದೇ ಜಮೀನು. ಅವರು ಆ ಹಿರಿಯರ ತಂಗಿ.

ಒಬ್ಬರಿಗೆ ಸಲಹೆ ಕೊಟ್ಟ ವಿಷಯದಲ್ಲಿ ಅವರ ಎದುರುದಾರರ ಪರ ನಿಲ್ಲುವಂತಿಲ್ಲ. ಅದು 33ನೇ ನಿಯಮ. ಫೀಸು ತೆಗೆದುಕೊಂಡಿಲ್ಲ, ವಕಾಲತ್ತು (ಕೇಸು ನಡೆಸಲು ಕಕ್ಷಿದಾರರು ಸಹಿ ಮಾಡಿಕೊಡುವ ಪತ್ರ) ಇಲ್ಲ ಎಂಬುದು ನೆಪ ಅಷ್ಟೇ. ಕೇಳಿಸಿಕೊಂಡದ್ದು ಕಿವಿಯಿಂದ ಆಚೆ ಹೋಗುವುದಿಲ್ಲ. ಆ ಹೆಂಗಸಿಗೆ ನಾನು ಏನೂ ವಿವರಿಸುವಂತೆಯೂ ಇರಲಿಲ್ಲ, ವಿವರಿಸಿದರೆ ಅಣ್ಣನ ಗುಟ್ಟು ಹೊರಬೀಳುತ್ತಿತ್ತು. “ಈ ಕೇಸು ನಾನು ಮಾಡಲು ಬರುವುದಿಲ್ಲಮ್ಮ, ಕಾರಣ ಕೇಳಬೇಡಿ” ಎಂದೆ. ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಡಲೂ ನನಗೆ ಧೈರ್ಯ ಬರಲಿಲ್ಲ, ಆಫೀಸು ಎಲ್ಲಿದೆ ಎಂದಷ್ಟೇ ತೋರಿಸಿದೆ. ಅವರು ನನ್ನನ್ನು ನೋಡಿದ ರೀತಿ ಮರೆಯುವಂಥದ್ದಲ್ಲ. ನಾನೂ ಅಣ್ಣನ ಕಡೆಯವಳೇ ಅಂದುಕೊಂಡಿರಬೇಕು.

ಆ ದಿನದಿಂದ ಶಿಬಿರದಲ್ಲಿ ಯಾರ ಮನೆಯ ಕಥೆಯನ್ನೂ ಕೇಳುವುದಿಲ್ಲ. ಶುರುವಿನಲ್ಲೇ ಹೇಳಿಬಿಡುತ್ತೇವೆ: “ಕಾನೂನು ಏನು ಅಂತ ಕೇಳಿ, ನಿಮ್ಮ ಕೇಸು ಏನು ಅಂತ ಹೇಳಬೇಡಿ. ಹೆಸರು ಬೇಡ, ಸರ್ವೆ ನಂಬರ್ ಬೇಡ.” ಕಾಗದ ತಂದರೆ ಬಿಚ್ಚಿ ನೋಡುವುದಿಲ್ಲ. ಕಾರ್ಡು ಜೇಬಿನಲ್ಲೇ ಇರುವುದಿಲ್ಲ, ಕೇಳಿದರೂ ಕೊಡುವುದಕ್ಕೆ ಆಗಬಾರದು ಅಂತ. ಬದಲಿಗೆ ಗೋಡೆಯ ಮೇಲೆ 15100 ಎಂದು ದೊಡ್ಡದಾಗಿ ಬರೆದು ಬರುತ್ತೇವೆ. ಅದು ಕಾನೂನು ನೆರವಿನ ಸಹಾಯವಾಣಿ. ಯಾವ ವಕೀಲರ ಬಳಿ ಹೋಗಲಿ ಎಂದು ಕೇಳಿದರೆ, ವಕೀಲರ ಸಂಘದಲ್ಲಿ ಇಷ್ಟು ಜನ ಇದ್ದಾರೆ, ಯಾರ ಬಳಿಯಾದರೂ ಹೋಗಿ ಎನ್ನುತ್ತೇವೆ. ಅಷ್ಟಾದ ಮೇಲೂ ವಿಳಾಸ ಹುಡುಕಿಕೊಂಡು ನಮ್ಮಲ್ಲಿಗೇ ಬರುವವರು ಇದ್ದಾರೆ. ಬಂದರೆ ಮೊದಲು ಹೆಸರಿನ ಪುಸ್ತಕ ತೆಗೆಯುತ್ತೇವೆ, ಆಮೇಲೆ ಮಾತು. ಸಣ್ಣ ತಾಲ್ಲೂಕಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಈ ಪುಸ್ತಕ ಇಲ್ಲದೆ ನಾಲ್ಕು ಜನ ವಕೀಲರು ಒಂದೇ ಆಫೀಸಿನಲ್ಲಿ ಕೂರುವುದು ಅಪಾಯ.

ಬಂದವರಿಗೆ ಹೇಳಬೇಕಾದ ಇನ್ನೊಂದು ಮಾತಿದೆ. ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಬೇಕು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಪ್ರಕೃತಿ ವಿಕೋಪಕ್ಕೆ ಸಿಕ್ಕವರು, ಇವರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. ಇವರ ಆದಾಯ ಎಷ್ಟು ಎಂದು ಕೇಳುವ ಹಾಗೇ ಇಲ್ಲ. ಉಳಿದವರಿಗೆ ಮಾತ್ರ ಆದಾಯದ ಮಿತಿ. ಅಂದರೆ ನಿಮ್ಮ ಎದುರು ಕೂತ ಹೆಂಗಸಿಗೆ “ನಿಮಗೆ ಫೀಸಿಲ್ಲದೆಯೂ ವಕೀಲರು ಸಿಗುತ್ತಾರೆ” ಅಂತ ನೀವೇ ಹೇಳಬೇಕು. ನಮ್ಮ ಜೂನಿಯರ್ ಹುಡುಗಿ ಮೊದಲ ತಿಂಗಳಲ್ಲೇ ಕೇಳಿದಳು: “ಹೀಗೆ ಹೇಳುತ್ತಾ ಹೋದರೆ ನಾವು ಬದುಕುವುದು ಹೇಗೆ ಮೇಡಂ?” ನ್ಯಾಯವಾದ ಪ್ರಶ್ನೆ. ಕೆಲವರು ಆ ಕಡೆ ಹೋದರು, ಕೆಲವರು ಇಲ್ಲೇ ಉಳಿದರು. ಕೆಲವು ತಿಂಗಳು ಬಾಡಿಗೆಗೆ ಕಷ್ಟವಾದದ್ದೂ ಇದೆ. ಹಾಗಾಗಿ ವಾರದಲ್ಲಿ ಇಂತಿಷ್ಟು ಹೊತ್ತು ಮಾತ್ರ ಉಚಿತ ಕೆಲಸ ಅಂತ ಗೆರೆ ಹಾಕಿಕೊಂಡೆವು. ನಮ್ಮದು ಶನಿವಾರ ಮಧ್ಯಾಹ್ನ. ಯಾರು ಬೇಕಾದರೂ ಕಾಗದ ತಂದು ಓದಿಸಿಕೊಂಡು ಹೋಗಬಹುದು. ನೋಟಿಸ್ ಬಂದಿದೆ, ಏನು ಬರೆದಿದೆ ಎಂದು ತಿಳಿಯದೆ ಒಂದು ವಾರದಿಂದ ನಿದ್ದೆ ಮಾಡದವರು ಬರುತ್ತಾರೆ. ಓದಿ ನೋಡಿದರೆ ಎಷ್ಟೋ ಸಲ ಅದು ಬ್ಯಾಂಕಿನ ಮಾಮೂಲಿ ಜ್ಞಾಪನ ಪತ್ರ.

ಲೋಕ ಅದಾಲತ್, ಅಂದರೆ ರಾಜಿಯಲ್ಲಿ ಕೇಸು ಮುಗಿಸುವ ಜನತಾ ನ್ಯಾಯಾಲಯದ ಬಗ್ಗೆ ಎರಡು ಮಾತು. ರಾಜಿ ಆಗುವ ಕೇಸುಗಳನ್ನು ವಕೀಲರೇ ಗುರುತಿಸಿ ಕಳಿಸಬೇಕು. ಅಲ್ಲಿ ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಆದೇಶಕ್ಕೆ ಡಿಕ್ರಿಯ ಬಲ ಇರುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ. ಸಹಿಗೂ ಮೊದಲು ಈ ಮಾತನ್ನು ಕಕ್ಷಿದಾರರಿಗೆ ಎರಡು ಸಲ ಹೇಳಿ. ಫೋಟೋಕ್ಕೆ ನಿಂತು ನಗುವ ಅವಸರದಲ್ಲಿ ಇದು ಮರೆತುಹೋಗುತ್ತದೆ.

ಜನ ಸೇರಿಸಿಕೊಳ್ಳುವಾಗ

ಕೆಲಸ ಹೆಚ್ಚಾದರೆ ಮೊದಲು ಬೇಕಾದವರು ಒಳ್ಳೆಯ ಗುಮಾಸ್ತರು. ಜೂನಿಯರ್ ಅಲ್ಲ. ಯಾವ ಶಾಖೆಯಲ್ಲಿ ಯಾವ ಕಟ್ಟು ಇದೆ, ನಕಲು ಎಂದು ಸಿಗುತ್ತದೆ, ವಕಾಲತ್ತಿಗೆ ವೆಲ್ಫೇರ್ ಸ್ಟಾಂಪ್ (ವಕೀಲರ ಕಲ್ಯಾಣ ನಿಧಿಯ ಚೀಟಿ) ಅಂಟಿಸಿದೆಯಾ, ಆಕ್ಷೇಪಣೆ ಬಂದರೆ ಸಂಜೆಯೊಳಗೆ ಸರಿಪಡಿಸಿದ್ದಾರಾ, ಇದೆಲ್ಲ ಗುಮಾಸ್ತರ ಕೈಯಲ್ಲಿ. ನಮ್ಮ ಗುಮಾಸ್ತರು ಬಂದ ವರ್ಷ ನನಗೆ ದಿನಕ್ಕೆ ಎರಡು ಗಂಟೆ ಉಳಿಯಿತು. ಆ ಎರಡು ಗಂಟೆಯಲ್ಲಿ ಓದಲು ಶುರು ಮಾಡಿದೆ. ಎದುರು ಪಕ್ಷದ ಸಾಕ್ಷಿಗಳಿಗೆ ನಾನು ಮಾಡುವ ಕ್ರಾಸ್ (ಪಾಟೀಸವಾಲು) ಸುಧಾರಿಸಿದ್ದು ಆಮೇಲೆಯೇ.

ಜೂನಿಯರ್‌ಗೆ ಸಂಬಳ ಕೊಡಿ. “ಕಲಿಸ್ತಿದೀನಲ್ಲ, ಅದೇ ಸಂಬಳ” ಎಂಬ ಕಾಲದಲ್ಲಿ ನಾನು ಕಲಿತೆ, ಬಸ್ಸಿನ ಪಾಸಿಗೆ ಮನೆಯಲ್ಲಿ ಕೈಚಾಚಬೇಕಿತ್ತು. ಹಾಗಾಗಿ ಊರಲ್ಲಿ ಮನೆ ಇದ್ದವರು ಮಾತ್ರ ಕಸುಬಿನಲ್ಲಿ ಉಳಿಯುತ್ತಿದ್ದರು. 2024ರಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಸಲಹೆ ಮಾಡಿದೆ. ಕಡ್ಡಾಯವಲ್ಲ. ಒಮ್ಮೆಗೇ ಆಗದಿದ್ದರೆ ಒಬ್ಬರನ್ನೇ ಇಟ್ಟುಕೊಳ್ಳಿ, ಇಬ್ಬರಿಗೆ ಅರ್ಧರ್ಧ ಕೊಡುವುದಕ್ಕಿಂತ ಅದು ವಾಸಿ. ಮತ್ತೆ, ಜೂನಿಯರ್‌ಗಳನ್ನು ವಾಯಿದೆ ಕೇಳಲು ಮಾತ್ರ ಕಳಿಸಬೇಡಿ. ಒಂದು ಸಣ್ಣ ಕೇಸನ್ನು ಮೊದಲಿನಿಂದ ಕೊನೆಯವರೆಗೆ ಅವರ ಕೈಗೇ ಕೊಡಿ. ಖರಡು ಅವರು ಬರೆಯಲಿ, ನೀವು ತಿದ್ದಿ.

ಪಾಲುದಾರರು ವಕೀಲರೇ ಆಗಿರಬೇಕು. ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳುವಂತಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆಫೀಸು ಸ್ವಲ್ಪ ಬೆಳೆದಾಗ ಒಬ್ಬರು ಬಂದೇ ಬರುತ್ತಾರೆ. “ತಿಂಗಳಿಗೆ ಇಷ್ಟು ಅಪಘಾತದ ಕೇಸು ನಾನು ತರ್ತೀನಿ, ನಮ್ಮದು ಒಂದು ಪರ್ಸೆಂಟೇಜ್ ನೋಡ್ಕೊಳಿ” ಅಂತ ಬಹಳ ವಿನಯದಿಂದ ಕೇಳುತ್ತಾರೆ. ನನ್ನ ಬಳಿಗೂ ಬಂದಿದ್ದರು, ಅದೂ ಬಾಡಿಗೆ ಕಟ್ಟಲು ಕಷ್ಟವಿದ್ದ ತಿಂಗಳಲ್ಲೇ. ಬೇಡ ಎನ್ನಲು ನನಗೆ ಒಂದು ರಾತ್ರಿ ಬೇಕಾಯಿತು ಎಂದು ಒಪ್ಪಿಕೊಳ್ಳುತ್ತೇನೆ. 2023ರ ವಕೀಲರ ಕಾಯ್ದೆ ತಿದ್ದುಪಡಿಯಲ್ಲಿ ಇಂಥ ದಲ್ಲಾಳಿಗಳ ಪಟ್ಟಿ ಮಾಡಿ ಕೋರ್ಟಿನ ಆವರಣದಿಂದ ಹೊರಗಿಡಲು ಅವಕಾಶವಿದೆ. ಅವರ ಕೈಯಿಂದ ಕೇಸು ತೆಗೆದುಕೊಂಡ ವಕೀಲರ ಮೇಲೆ ಶಿಸ್ತು ಕ್ರಮ ಬೇರೆ. ಎಚ್ಚರಿಕೆ ಕೊಟ್ಟು ಬಿಡುವುದರಿಂದ ಹಿಡಿದು ವಕೀಲರ ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಶಿಕ್ಷೆ ಇದೆ.

ಕೇಸು ಕೈಬಿಟ್ಟು ಹೋದಾಗ

ಎಷ್ಟೇ ಮಾಡಿದರೂ ಕೆಲವರು ನಡುವೆಯೇ ಬೇರೆ ವಕೀಲರ ಬಳಿ ಹೋಗುತ್ತಾರೆ. ಬೇಜಾರಾಗುತ್ತದೆ, ಫೀಸು ಬಾಕಿ ಇದ್ದರಂತೂ ಜಾಸ್ತಿ. ಆಗ ಫೈಲು ಹಿಡಿದಿಟ್ಟುಕೊಳ್ಳುವ ಆಸೆ ಬರುತ್ತದೆ. ಬೇಡ. ಬಾಕಿ ಫೀಸಿಗಾಗಿ ಕಕ್ಷಿದಾರರ ಕಾಗದ ತಡೆದಿಡುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬಾಕಿಯನ್ನು ಬೇರೆ ದಾರಿಯಲ್ಲಿ ಕೇಳಿ.

ನಮ್ಮಲ್ಲಿ ಹೀಗೆ ಮಾಡುತ್ತೇವೆ. ಕಟ್ಟು ಬಿಚ್ಚಿ ಪ್ರತಿ ಹಾಳೆಗೂ ನಂಬರ್ ಹಾಕುತ್ತೇವೆ. ಮೂಲ ದಾಖಲೆಗಳ ಪಟ್ಟಿ ಬೇರೆ, ನಕಲುಗಳ ಪಟ್ಟಿ ಬೇರೆ. ಕ್ರಯಪತ್ರ, ಪಾಲುಪಟ್ಟಿಯಂಥ ಮೂಲ ಪತ್ರಗಳನ್ನು ಅವರ ಕಣ್ಣೆದುರೇ ಎಣಿಸಿ, ಓದಲು ಬಾರದವರಾದರೆ ಮನೆಯ ಒಬ್ಬರನ್ನು ಕರೆಸಿ, ಪಟ್ಟಿಯ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತೇವೆ. ಹೊಸ ವಕೀಲರಿಗೆ ಒಪ್ಪಿಗೆ ಬರೆದುಕೊಡುತ್ತೇವೆ. ಮುಂದಿನ ತಾರೀಕನ್ನು ಕಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ, ಕಾಲಮಿತಿ ಹತ್ತಿರವಿದ್ದರೆ ಅದನ್ನೂ. ಹೆಸರಿನ ಪುಸ್ತಕದಲ್ಲಿ ಅವರ ಸಾಲನ್ನು ಮಾತ್ರ ಹೊಡೆದುಹಾಕುವುದಿಲ್ಲ. ನಾಳೆ ಅವರ ಎದುರುದಾರರೇ ಬಂದು ನಮ್ಮ ಬೆಂಚಿನ ಮೇಲೆ ಕೂರಬಹುದು.